ಪದ ಬೇಕಾಗಿದೆ (ತುರ್ತು): ‘ರಿಯಲ್ ಏಲ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ದೀಪಾವಳಿ ವಿಶೇಷಾಂಕಕ್ಕೆ ಒಂದು ಪ್ರವಾಸ ಲೇಖನ ಒಪ್ಪಿಕೊಂಡಿದ್ದೇನೆ. ನಾಳೆ ಸಂಜೆಯೊಳಗೆ ಕಳಿಸಬೇಕು. ತಂಗಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾಳೆ, ಅವಳ ಜೊತೆ ಯಾರ್ಕ್‌ಗೆ ಹೋಗಿ ಪೇಟೆ ನಡುವಿನ ಎರಡು ಹಳೇ ಪಬ್ ನೋಡಿ ಬಂದದ್ದೇ ವಿಷಯ. ಬರೆಯಲು ಕೂತರೆ ಹೆಜ್ಜೆಹೆಜ್ಜೆಗೂ ತಡೆ.

ಮೊದಲನೆಯದು ‘ರಿಯಲ್ ಏಲ್’, ಅಲ್ಲಿನ ಒಂದು ಬಗೆಯ ಬಿಯರು. ‘ನಿಜವಾದ ಏಲ್’ ಎಂದರೆ ಉಳಿದದ್ದೆಲ್ಲ ಕಲಬೆರಕೆ ಅನ್ನಿಸುತ್ತದೆ. ‘ಅಸಲಿ’ ಎಂದರೆ ತುಪ್ಪದ ಜಾಹೀರಾತು. ಇನ್ನು ‘ಲೈವ್ ಮ್ಯೂಸಿಕ್’. ‘ಲೈವ್ ಬ್ಯಾಂಡ್’ ಅಂತ ಬರೆದರೆ ಬೆಂಗಳೂರಿನವರಿಗೆ ಪೊಲೀಸ್ ದಾಳಿಯ ಸುದ್ದಿ ನೆನಪಾಗುತ್ತದೆ. ನಾನು ಕಂಡದ್ದು ಬೇರೆ. ವೇದಿಕೆ ಇಲ್ಲ, ಮೈಕಿಲ್ಲ. ಮೂಲೆಯ ಮೇಜಿನ ಸುತ್ತ ಆರೇಳು ಜನ, ಇಬ್ಬರ ಹೆಗಲಲ್ಲಿ ಪಿಟೀಲು, ಒಬ್ಬಾಕೆಯ ತೊಡೆಯ ಮೇಲೆ ಆರು ಮೂಲೆಯ ಪುಟ್ಟ ತಿದಿಪೆಟ್ಟಿಗೆ (ಕನ್ಸರ್ಟಿನಾ). ಒಬ್ಬರು ಮಟ್ಟು ಎತ್ತಿಕೊಂಡರೆ ಗೊತ್ತಿದ್ದವರು ಸೇರಿಕೊಳ್ಳುತ್ತಾರೆ, ಗೊತ್ತಿಲ್ಲದವರು ಲೋಟ ಎತ್ತಿಕೊಳ್ಳುತ್ತಾರೆ. ಇದಕ್ಕೆ ಅವರು ‘ಸೆಷನ್’ ಅನ್ನುತ್ತಾರೆ. ದಯವಿಟ್ಟು ‘ಅಧಿವೇಶನ’ ಬೇಡ. ‘ಪಬ್’, ‘ಕ್ಯಾಸ್ಕ್’ (ಬಿಯರು ತುಂಬಿಡುವ ಪಾತ್ರೆ) ಇವಕ್ಕೂ ಏನಾದರೂ ಹೊಳೆದರೆ ತಿಳಿಸಿ.

ಮತ್ತೊಂದು: ಸ್ಟೋನ್‌ಗೇಟ್ ಬೀದಿಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಅಡ್ಡತೊಲೆ ಹಾಕಿ ಅದರ ಮೇಲೆ ಪಬ್ಬಿನ ಹೆಸರು ಬರೆದಿದ್ದಾರೆ. ‘ಯೆ ಓಲ್ಡೆ ಸ್ಟಾರ್ ಇನ್’ ಅಂತ ಬರೆದುಕೊಂಡೆ. ಸರಿಯೇ?

– ಅ. ನಾ., ಬೆಂಗಳೂರು

*

ತಾಯಿ, ಇದಕ್ಕೆಲ್ಲ ಹೊಸ ಪದ ಏಕೆ? ಧಾನ್ಯ ಹುದುಗಿಸಿ ಮಾಡಿದ್ದು ಸುರೆ, ಮರದಿಂದ ಇಳಿಸಿದ್ದು ಕಳ್ಳು. ಏಲ್ ಬಾರ್ಲಿಯದು, ಆದ್ದರಿಂದ ‘ಯವಸುರೆ’. ಪಬ್ಬಿಗೆ ‘ಪಾನಶಾಲೆ’, ಸೆಷನ್‌ಗೆ ‘ಗೋಷ್ಠಿ’. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಈ ವಿಷಯದಲ್ಲಿ ನಮ್ಮ ಕವಿಗಳಿಗೆ ಪದದ ಬಡತನವಿರಲಿಲ್ಲ.

– ವೆಂ. ಶ್ರೀ., ಮೈಸೂರು

*

ಯವಸುರೆ ಎಂದು ಓದಿದವನು ಮದ್ದಿನ ಅಂಗಡಿಗೆ ಹೋಗುತ್ತಾನೆ. ಸಂಸ್ಕ್ರುತದ ಗೀಳು ಬಿಡಿ. ಕಾಳು + ಕಳ್ಳು = ಕಾಳುಗಳ್ಳು. ‘ರಿಯಲ್’ ಬೇಕಿದ್ದರೆ ‘ದಿಟಗಳ್ಳು’. ಮುಗಿಯಿತು.

– ಮಾ. ಬ., ತುಮಕೂರು

*

‘ದಿಟ’ ಅನ್ನೋದು ‘ದೃಷ್ಟ’ದ ತದ್ಭವ ಅಂತ ನಮ್ಮ ಹಿರೇರು ಹೇಳ್ಯಾರ. ಮುಂದಿಂದು ಹೇಳ್ರಿ.

– ಶಂ. ಪಾ., ಧಾರವಾಡ

*

ನಾನು ಶೆಫೀಲ್ಡಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಪದ ಕಟ್ಟುವ ಮೊದಲು ಪದಾರ್ಥ ಏನೆಂದು ನೋಡೋಣ.

ಈ ಬಿಯರನ್ನು ಪಾಶ್ಚರೀಕರಿಸದೆ ಪೀಪಾಯಿಗೆ ತುಂಬುತ್ತಾರೆ. ಒಳಗೆ ಯೀಸ್ಟ್ ಇನ್ನೂ ಬದುಕಿರುತ್ತದೆ. ಪಬ್ಬಿನ ನೆಲಮಾಳಿಗೆಯಲ್ಲಿ ಪೀಪಾಯಿ ಅಡ್ಡ ಮಲಗಿದ್ದಲ್ಲೇ ಬಿಯರು ಎರಡನೇ ಸಲ ಹುದುಗುತ್ತದೆ. ಮೇಲಿನ ತೂತಿಗೆ ಮೆದುಮರದ ಒಂದು ಸಣ್ಣ ಬೆಣೆ ಹೊಡೆದಿರುತ್ತಾರೆ. ಹೆಚ್ಚಾದ ಗಾಳಿ ಅದರ ಸಂದಿನಲ್ಲಿ ಹೋಗುತ್ತದೆ, ಬೆಣೆಯ ಸುತ್ತ ಬುರುಗು ಕಟ್ಟುತ್ತದೆ. ಬುರುಗು ಅಡಗಿದ ಮೇಲೆ ಅದನ್ನು ಕಿತ್ತು ಗಟ್ಟಿಮರದ ಬೆಣೆ. ಗಸಿ ತಳಕ್ಕಿಳಿದು ತಿಳಿಯಾದ ನಂತರವೇ ಮಾರಾಟ. ಕೊಡುವುದು ಕೈಪಂಪಿನಿಂದ ಎಳೆದು. ಹೊರಗಿನಿಂದ ಇಂಗಾಲದ ಡೈಆಕ್ಸೈಡ್ ಬಿಟ್ಟು ತಳ್ಳುವಂತಿಲ್ಲ. 12 ಡಿಗ್ರಿ ಆಸುಪಾಸಿನಲ್ಲಿರುತ್ತದೆ, ನಮ್ಮೂರಿಂದ ಬಂದವರು ‘ಇದೇನು ಬಿಸಿ’ ಅನ್ನುತ್ತಾರೆ. ಪೀಪಾಯಿಯ ಒಂದು ಅಳತೆ ಫರ್ಕಿನ್, ಅಂದರೆ 9 ಗ್ಯಾಲನ್, 72 ಪಿಂಟ್. ತೆರೆದ ಮೇಲೆ ಕೆಲವೇ ದಿನ, ಆಮೇಲೆ ಹುಳಿ.

ಇದನ್ನು ಬಿಟ್ಟು, ಸೋಸಿ ಅನಿಲ ತುಂಬಿದ ಕೆಗ್ ಬಿಯರು ಎಲ್ಲೆಡೆ ಬಂದಾಗ, 1971ರಲ್ಲಿ ನಾಲ್ಕು ಜನ ಸೇರಿ ಕ್ಯಾಮ್ರಾ (ಈಗಿನ ಪೂರ್ಣ ಹೆಸರು ‘ಕ್ಯಾಂಪೇನ್ ಫಾರ್ ರಿಯಲ್ ಏಲ್’) ಎಂಬ ಚಳವಳಿ ಶುರುಮಾಡಿದರು. ‘ರಿಯಲ್’ ಅವರ ಘೋಷಣೆ. ಮೊದಲಿಟ್ಟ ಹೆಸರಿನಲ್ಲಿ ಈ ಪದವೇ ಇರಲಿಲ್ಲ, ‘ರಿವೈಟಲೈಸೇಷನ್’ ಇತ್ತು, ಅಂದರೆ ಮತ್ತೆ ಜೀವ ತುಂಬುವುದು. 1973ರಲ್ಲಿ ‘ರಿಯಲ್’ ಬಂತು. ಹಾಗಾಗಿ ನಿಜ-ಸುಳ್ಳಿನ ಮಾತು ಬಿಟ್ಟು ಜೀವದ ಕಡೆಯಿಂದ ಯೋಚಿಸಿ. ‘ಜೀವಗಳ್ಳು’ ಹೇಗೆ?

ಫಲಕದಲ್ಲಿರುವುದು ‘ಯೆ’ ಅಲ್ಲ, ‘ದ’. ಹಳೇ ಇಂಗ್ಲಿಷಿನಲ್ಲಿ ‘th’ ಉಚ್ಚಾರಕ್ಕಿದ್ದ ‘ಥಾರ್ನ್’ ಎಂಬ ಅಕ್ಷರ ಬರಬರುತ್ತಾ ‘ವೈ’ಯಂತೆ ಕಾಣತೊಡಗಿತು, ಮುದ್ರಕರು ‘ವೈ’ ಅಚ್ಚನ್ನೇ ಬಳಸಿದರು. ‘ದ ಓಲ್ಡ್ ಸ್ಟಾರ್ ಇನ್’ ಎಂದು ಬರೆಯಿರಿ.

ಸಸ್ಯಾಹಾರಿಗಳ ಗಮನಕ್ಕೆ: ಗಸಿ ಬೇಗ ಇಳಿಯಲೆಂದು ಮೀನಿನ ಗಾಳಿಚೀಲದಿಂದ ತೆಗೆದ ಅಂಟು ಹಾಕುವುದು ಹಳೇ ರೂಢಿ. ಈಗ ಹಾಕದವರೂ ಇದ್ದಾರೆ. ಕೇಳಿ ಕುಡಿಯಿರಿ.

– ಕಿ., ಶೆಫೀಲ್ಡ್

*

‘ಜೀವಗಳ್ಳು’ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದದ್ದು. ವೈಯಾಕರಣ ಕೇಶಿರಾಜ ಬಿರುದಾವಳಿಗೆ ವಿನಾಯಿತಿ ಕೊಟ್ಟಿದ್ದಾನೆ, ಬಿಯರಿಗಲ್ಲ.

‘ಥಾರ್ನ್’ ವಿಷಯ ಚೆನ್ನಾಗಿದೆ. ಹಳಗನ್ನಡದ ‘ೞ’ ಅಕ್ಷರ ಕಳೆದುಕೊಂಡ ನಾವು ಅವರನ್ನು ನೋಡಿ ನಗುವ ಹಾಗಿಲ್ಲ. ಮೀನಿನ ವಿಷಯ ಮೊದಲೇ ಗೊತ್ತಿದ್ದರೆ ಪದ ಸೂಚಿಸಲು ಹೋಗುತ್ತಿರಲಿಲ್ಲ.

– ವೆಂ. ಶ್ರೀ.

*

ಅರಿಸಮಾಸ ಇರ್ಲಿ ಬಿಡ್ರಿ. ಜೀವಗಳ್ಳು ಕುಡದಾಂವ ಏನಾಗ್ತಾನ? ಜೀವಗಳ್ಳ. ಹಳಗನ್ನಡದಾಗ ‘ಕಳ್’ ಅಂದ್ರ ಹೆಂಡಾನೂ ಹೌದು, ಕದಿಯೋದೂ ಹೌದು. ಅಲ್ಲಿ ಕೈ ಹಾಕಬ್ಯಾಡ್ರಿ.

– ಶಂ. ಪಾ.

*

ಸೆಷನ್‌ಗೆ ಪದ ಹುಡುಕುವುದೆಂತದು ಮಾರಾಯ್ರೇ, ‘ಕೂಟ’ ಉಂಟಲ್ಲ. ತಾಳಮದ್ದಳೆಗೆ ನಾವು ಹೇಳುವುದು ಅದನ್ನೇ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲಿಯೇ ಎಲ್ಲ. ಲೋಟದಲ್ಲಿ ಮಾತ್ರ ಚಾ.

ಪಬ್ಬಿಗೆ ನಮ್ಮಲ್ಲಿ ‘ಗಡಂಗು’ (ಕಳ್ಳಿನ ಅಂಗಡಿ) ಉಂಟು. ಆದರೆ ಗಡಂಗಿಗೆ ಹೆಂಡತಿ ಮಕ್ಕಳನ್ನು ಕರಕೊಂಡು ಹೋಗುವವರನ್ನು ನಾನು ಕಂಡದ್ದಿಲ್ಲ.

– ಗ., ಪುತ್ತೂರು

*

ಗಡಂಗು! ಇದಕ್ಕ ಕಾಯ್ತಿದ್ದೆ. ಈ ಗಡಂಗು, ತಮಿಳಿನ ಕಿಡಂಗು, ತೆಲುಗಿನ ಗಿಡ್ಡಂಗಿ, ಮಲಯದ ಗುಡಂಗ್, ಇಂಗ್ಲಿಷಿನ ಗೋಡೌನ್, ಎಲ್ಲಾ ಒಂದ ಬಳ್ಳಿ. ನಮ್ಮಿಂದ ಅಲ್ಲಿಗೆ ಹೋತೋ ಅಲ್ಲಿಂದ ನಮಗ ಬಂತೋ ಅನ್ನೋ ಜಗಳ ಹಳೇದು. ನಮ್ಮಿಂದನ ಹೋಗೇತಿ ಅಂತ ನನ್ನ ವಾದ. ಹಂಗಾಗಿ ಪಬ್ಬಿನ ನೆಲಮಾಳಿಗಿಗೆ ಗಡಂಗು ಅಂದ್ರ ಪದ ತಿರುಗಿ ಮನಿಗೆ ಬಂದಂಗಾತು. ಕ್ಯಾಸ್ಕಿಗೆ ಪೀಪಾಯಿ ಇದ್ದ ಐತಿ.

– ಶಂ. ಪಾ.

*

ಪೀಪಾಯಿ ಪೋರ್ಚುಗೀಸರದು. ‘ಮರಬಾನಿ’ ಎನ್ನಿ. ಎರವಲು ತಂದು ತಂದು ಕನ್ನಡಕ್ಕೆ ಸ್ವಂತದ್ದು ಏನು ಉಳಿಯಿತು?

– ಮಾ. ಬ.

*

ಬಾನಿಗೆ ಬಾಯಿ ತೆರದಿರ್ತದ, ಎತ್ತು ನೀರು ಕುಡಿಯೋದು ಅದರಾಗ. ನಿಮ್ಮ ಮನಿ ಚಾವಿ ಪೋರ್ಚುಗೀಸರದು, ಅಂಗಿಗೆ ಹಾಕೋ ಇಸ್ತ್ರಿ ಪೋರ್ಚುಗೀಸರದು. ಅವನ್ನ ಮದಲು ವಾಪಸ್ ಕೊಡ್ರಿ, ಆಮ್ಯಾಲೆ ಪೀಪಾಯಿ ಮಾತು.

– ಶಂ. ಪಾ.

*

ಇಬ್ಬರೂ ಎರವಲಿನ ಲೆಕ್ಕ ಬೇರೆ ಎಳೆಯಲ್ಲಿ ಚುಕ್ತಾ ಮಾಡಿಕೊಳ್ಳಬಹುದೇ? ಆಕೆಗೆ ನಾಳೆ ಸಂಜೆ ಗಡುವು. ಅಂದಹಾಗೆ ಇಂಗ್ಲೆಂಡಿನಲ್ಲೂ ‘ಏಲ್’ ಮತ್ತು ‘ಬಿಯರ್’ ನಡುವೆ ಇದೇ ಜಗಳವಿತ್ತು. ಏಲ್ ಅಚ್ಚ ಸ್ಥಳೀಯ, ಹಾಪ್ಸ್ (ಕಹಿ ಕೊಡುವ ಒಂದು ಬಳ್ಳಿಯ ಹೂ) ಹಾಕದ್ದು. 15ನೇ ಶತಮಾನದಲ್ಲಿ ಸಮುದ್ರದಾಚೆಯ ತಗ್ಗುನಾಡುಗಳಿಂದ (ಇಂದಿನ ನೆದರ್ಲೆಂಡ್ಸ್, ಬೆಲ್ಜಿಯಂ ಕಡೆ) ಹಾಪ್ಸ್ ಹಾಕಿದ ಬಿಯರು ಬಂತು. ಈಗ ಹೆಚ್ಚುಕಮ್ಮಿ ಎಲ್ಲ ಏಲ್‌ಗೂ ಹಾಪ್ಸ್ ಹಾಕುತ್ತಾರೆ. ಹೆಸರು ಅದೇ, ಒಳಗಿನದು ಬದಲಾಗಿದೆ.

– ಕಿ.

*

ಎಲ್ಲರಿಗೂ ಧನ್ಯವಾದ. ಲೇಖನ ಕಳಿಸಿಯಾಯಿತು.

‘ಪಬ್’ ಹಾಗೇ ಬಿಟ್ಟೆ. ನಾನು ಕೂತಿದ್ದ ಬೆಂಚಿನ ಕೆಳಗೆ ಯಾರದೋ ನಾಯಿ ಗೊರಕೆ ಹೊಡೆಯುತ್ತಿತ್ತು, ಪಕ್ಕದ ಮೇಜಿನಲ್ಲಿ ಅಜ್ಜಿ-ಮೊಮ್ಮಗಳು ಬಟಾಣಿ ಆರಿಸಿ ತಿನ್ನುತ್ತಿದ್ದರು. ಅದನ್ನು ಗಡಂಗು, ಪಡಖಾನೆ ಅನ್ನಲು ಕೈ ಬರಲಿಲ್ಲ. ಪಾನಶಾಲೆ ಎಂದರೆ ನಾಯಿಗೆ ಜಾಗವಿಲ್ಲ. ಸೆಷನ್‌ಗೆ ‘ಕೂಟ’ ಕಣ್ಣುಮುಚ್ಚಿ ತೆಗೆದುಕೊಂಡೆ, ಅದರಿಂದ ‘ಲೈವ್’ ಕಾಟವೂ ತಪ್ಪಿತು. ‘ರಿಯಲ್ ಏಲ್’ ಮೊದಲ ಸಲ ಬಂದಲ್ಲಿ ‘ಪೀಪಾಯಿಯಲ್ಲಿ ಇನ್ನೂ ಹುದುಗುತ್ತಿರುವ ಬಿಯರು’ ಎಂದು ಬಿಡಿಸಿ ಬರೆದು, ಆಮೇಲೆ ಬರೀ ‘ಪೀಪಾಯಿ ಬಿಯರು’ ಅಂದಿದ್ದೇನೆ. ಮಾ. ಬ. ಅವರು ಕ್ಷಮಿಸಬೇಕು. ‘ಗಸಿ’ಯನ್ನು ಎರಡು ಕಡೆ ಬಳಸಿದೆ.

ಒಂದು ಮಾತ್ರ ಉಳಿದುಹೋಯಿತು, ಈಗ ತುರ್ತಿಲ್ಲ. ಕೈಪಂಪಿನ ಹಿಡಿಗೆ ಆ ಬಿಯರಿನ ಹೆಸರಿರುವ ಬಿಲ್ಲೆ ಸಿಕ್ಕಿಸಿರುತ್ತಾರೆ. ಪೀಪಾಯಿ ಖಾಲಿಯಾದರೆ ಬಿಲ್ಲೆಯನ್ನು ಹಿಂದುಮುಂದಾಗಿ ತಿರುಗಿಸಿಡುತ್ತಾರೆ, ಗಿರಾಕಿ ಕೇಳುವ ಮೊದಲೇ ಗೊತ್ತಾಗಲಿ ಅಂತ. ಹೀಗೆ ತಿರುಗಿಸಿಡುವುದಕ್ಕೆ ಯಾರ ಕಡೆಯಾದರೂ ಪದ ಇದೆಯೇ?

– ಅ. ನಾ.

*

ನಮ್ಮ ಹೋಟೆಲಿನಲ್ಲಿ ಕರಿಹಲಗೆಯ ಮೇಲೆ ‘ಗೋಳಿಬಜೆ’ ಅಂತ ಬರೆದದ್ದನ್ನು ಅಂಗೈಯಲ್ಲಿ ಉಜ್ಜುತ್ತಾರೆ. ಅದಕ್ಕೂ ಪದ ಇಲ್ಲ. ಕೇಳಿದರೆ ‘ಮುಗೀತು’ ಅಂತಾರೆ.

– ಗ., ಪುತ್ತೂರು