ಅಲೆಯಡಿಯ ಮರಳು ಸಾಗಣೆಯ ಲೆಕ್ಕದಲ್ಲಿ ದಿಕ್ಕು ತಪ್ಪುತ್ತಿದೆ: ಸಹಾಯ ಬೇಕು

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನಾನು ಹಾಸನದಲ್ಲಿ ಸಿವಿಲ್ ಎಂಜಿನಿಯರಿಂಗ್ ಸ್ನಾತಕೋತ್ತರ ವಿದ್ಯಾರ್ಥಿನಿ. ಅಲೆಗಳಡಿ ಹಿಂದಕ್ಕೂ ಮುಂದಕ್ಕೂ ತೂಗುವ ನೀರು ತಳದ ಮರಳನ್ನು ಹೇಗೆ ಒಯ್ಯುತ್ತದೆ ಎಂಬುದರ ಗಣಕ ಮಾದರಿ ನನ್ನ ಪ್ರಬಂಧದ ವಿಷಯ. ಕಡಲಿಲ್ಲದ ಊರಿನಲ್ಲಿ ಇದೇಕೆ ಎಂದು ಕೇಳುವವರಿದ್ದಾರೆ. ಆದರೆ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಬೆಟ್ಟಗಳಲ್ಲಿ ಹುಟ್ಟುವ ನೇತ್ರಾವತಿ ಮಂಗಳೂರಿನಲ್ಲಿ ಕಡಲು ಸೇರುತ್ತದೆ, ಮತ್ತು ಉಳ್ಳಾಲದ ಕಡಲ್ಕೊರೆತವನ್ನು ಕಣ್ಣಾರೆ ಕಂಡಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನನ್ನ ಅಲೆಯ ಅವಧಿ 6 ಸೆಕೆಂಡು. ನೀರಿನ ವೇಗ ಶಿಖರದಡಿ ದಡದತ್ತ ಸೆಕೆಂಡಿಗೆ 1.2 ಮೀಟರ್, ತಗ್ಗಿನಡಿ ಕಡಲಿನತ್ತ 0.8 ಮೀಟರ್. ತಳದ ಮೇಲೆ ನೀರಿನ ಘರ್ಷಣೆಯಿಂದ ಮರಳಿನ ಸಾಗಣೆಯನ್ನು ಲೆಕ್ಕಹಾಕುವ 1948ರ ಮೇಯರ್-ಪೀಟರ್ ಮತ್ತು ಮ್ಯೂಲರ್ ಸೂತ್ರವನ್ನು ಕ್ಷಣಕ್ಷಣದ ವೇಗಕ್ಕೆ ಹಾಕಿದರೆ ನಿವ್ವಳ ಸಾಗಣೆ ದಡದತ್ತಲೇ ಬರುತ್ತದೆ. ದಪ್ಪ ಮರಳಿಗೆ ಇದು ಸರಿ. ಆದರೆ 0.13 ಮಿಲಿಮೀಟರಿನಷ್ಟು ನುಣ್ಣನೆಯ ಮರಳಿನಲ್ಲಿ, ಶಿಖರದಡಿ ಎದ್ದ ಕಣಗಳು ತಳಕ್ಕಿಳಿಯುವ ಮೊದಲೇ ನೀರು ತಿರುಗಿ ಅವನ್ನು ಕಡಲಿನತ್ತ ಒಯ್ಯುವುದರಿಂದ, ನಿವ್ವಳ ಸಾಗಣೆಯ ದಿಕ್ಕೇ ಬದಲಾಗಬಹುದು.

ಈ ವಿಳಂಬವನ್ನು ಹಿಡಿಯಲು ನೀರಿನ ಸುಳಿಗಳ ಕಲಕಾಟವನ್ನು ಲೆಕ್ಕಹಾಕುವ ಕೆ-ಒಮೇಗಾ ಮಾದರಿಯೊಂದಿಗೆ ತೇಲುಮರಳಿನ (ನೀರಿನಲ್ಲಿ ತೇಲುತ್ತ ಸಾಗುವ ಮರಳಿನ) ಸಮೀಕರಣವನ್ನೂ ಬಿಡಿಸುತ್ತಿದ್ದೇನೆ. ತಳದಲ್ಲಿ ಮರಳಿನ ಸಾಂದ್ರತೆಯನ್ನು ಆಯಾ ಕ್ಷಣದ ಘರ್ಷಣೆಗೆ ಕಟ್ಟಿದ್ದೇನೆ. ನೀರು ತಿರುಗುವಾಗ ಘರ್ಷಣೆ ಸೊನ್ನೆಯಾಗಿ ಸಾಂದ್ರತೆಯೂ ಸೊನ್ನೆಗೆ ಕುಸಿದು, ತಳದ ಪದರದ ಮರಳೆಲ್ಲ ಒಮ್ಮೆಗೇ ಮಾಯವಾಗುತ್ತಿದೆ. ಇದರ ಬದಲು ವಾನ್ ರೈನ್ ಅವರ 1984ರ ಎತ್ತುವಿಕೆಯ ಸೂತ್ರದಿಂದ ಮೇಲೇಳುವ ಪ್ರಮಾಣವನ್ನಷ್ಟೇ ಕೊಟ್ಟು, ಕೆಳಗಿಳಿಯುವುದನ್ನು ಸಮೀಕರಣಕ್ಕೇ ಬಿಡುವುದು ಸೂಕ್ತವೇ? ಸ್ಟೋಕ್ಸ್ ಪದರದ (ನೀರಿನ ಸ್ನಿಗ್ಧತೆಯಿಂದ ತಳದ ಬಳಿ ವೇಗ ತಗ್ಗುವ ತೆಳು ಪದರದ) ದಪ್ಪ ಸುಮಾರು 1.4 ಮಿಲಿಮೀಟರ್ ಇರುವಾಗ ತಳಕ್ಕೆ ತಾಗಿದ ಮೊದಲ ಜಾಲಕೋಶವನ್ನು (ಲೆಕ್ಕಕ್ಕಾಗಿ ನೀರನ್ನು ವಿಂಗಡಿಸಿದ ತುಣುಕನ್ನು) ಎಷ್ಟು ಸಣ್ಣದಾಗಿ ಇಡಬೇಕು? ಇಂಥ ಲೆಕ್ಕವನ್ನು ಸ್ವತಃ ಮಾಡಿದವರು ದಯವಿಟ್ಟು ತಿಳಿಸಿ. ನನ್ನ ಕಡತಗಳನ್ನು ಕಳುಹಿಸಲು ಸಿದ್ಧಳಿದ್ದೇನೆ.