ಹಳೇ ಸ್ಪಿಟ್‌ಫೈರ್‌ನಲ್ಲಿ ಪೆಟ್ರೋಲ್ ಮುಳ್ಳು ಒಂದು ಕಡೆ ನಿಲ್ತಾ ಇಲ್ಲ, ಎಲ್ಲಿಂದ ಹುಡುಕ್ಲಿ?

ಹಳೇಗಾಲಿ:
ಎಲ್ರಿಗೂ ನಮಸ್ಕಾರ. ನನ್ನತ್ರ 1968ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3 ಕಾರಿದೆ, ಮೀಟರ್‌ಗಳೆಲ್ಲ ಸ್ಮಿತ್ಸ್ ಕಂಪನಿದು, ಒರಿಜಿನಲ್. ಟ್ಯಾಂಕ್‌ನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪೆಟ್ರೋಲ್ ಇರೋದು ಗ್ಯಾರಂಟಿ, ಆದ್ರೂ ಮುಳ್ಳು ಸ್ವಲ್ಪ ಹೊತ್ತು ಸರಿಯಾಗಿ ತೋರಿಸುತ್ತೆ, ಆಮೇಲೆ ಮೆಲ್ಲಗೆ ಕಾಲು ಟ್ಯಾಂಕ್‌ವರೆಗೂ ಇಳಿದುಬಿಡುತ್ತೆ, ಮತ್ತೆ ತಾನಾಗೇ ಮೇಲೆ ಬರುತ್ತೆ. ಪಟಪಟ ಅಂತ ಹೊಡ್ಕೊಳ್ಳಲ್ಲ, ನಿಧಾನಕ್ಕೆ ಓಡಾಡುತ್ತೆ. ಕೇಳಿದವರೆಲ್ಲ ಟ್ಯಾಂಕ್ ಸೆಂಡರ್ (ಟ್ಯಾಂಕ್ ಒಳಗಿನ ಪೆಟ್ರೋಲ್ ಮಟ್ಟನ ಮೀಟರ್‌ಗೆ ತಿಳಿಸೋ ಪಾರ್ಟು) ಬದಲಾಯಿಸು ಅಂತಾರೆ. ಒರಿಜಿನಲ್ ಪಾರ್ಟು, ಕಾರಣ ಗೊತ್ತಾಗದೆ ಬಿಚ್ಚಿ ಎಸೆಯೋಕೆ ಮನಸ್ಸು ಬರ್ತಿಲ್ಲ. ಯಾವ ಕ್ರಮದಲ್ಲಿ ಚೆಕ್ ಮಾಡ್ಬೇಕು ಹೇಳ್ತೀರಾ?

ಮೀಟರ್‌ಮನೆ:
ಸ್ಟೆಬಿಲೈಸರ್ ನೋಡಿ ಸರ್ ಮೊದಲು. ಡ್ಯಾಶ್‌ಬೋರ್ಡ್ ಹಿಂದೆ ಚಿಕ್ಕ ತಗಡಿನ ಡಬ್ಬಿ ಇರುತ್ತಲ್ಲ, ಅದೇ. ಬ್ಯಾಟರಿ ವೋಲ್ಟೇಜ್ ಏರಿಳಿತ ಆದ್ರೂ ಗೇಜ್‌ಗೆ ಸರಾಸರಿ 10 ವೋಲ್ಟ್ ಸಿಗೋ ಹಾಗೆ ಮಾಡೋದು ಅದರ ಕೆಲಸ. ಒಳಗಿನ ಕಾಂಟ್ಯಾಕ್ಟ್ ಸುಟ್ಟಿದ್ರೆ ಮುಳ್ಳು ಹೀಗೇ ಅಲೆದಾಡುತ್ತೆ.

ತಂತಿಗಂಟು:
ಇರಬಹುದು, ಆದ್ರೆ ಅದನ್ನ ಬಿಚ್ಚೋಕೆ ಮುಂಚೆ ಒಂದು ವಿಷಯ ನೋಡಿ ಹೇಳಿ. ನಿಮ್ಮ ಗಾಡೀಲಿ ಟೆಂಪರೇಚರ್ ಗೇಜ್ ಕೂಡ ಅದೇ ಸ್ಟೆಬಿಲೈಸರ್‌ನಿಂದಲೇ ಕರೆಂಟ್ ತಗೊಳ್ಳುತ್ತೆ. ಪೆಟ್ರೋಲ್ ಮುಳ್ಳು ಇಳಿಯೋವಾಗ ಟೆಂಪರೇಚರ್ ಮುಳ್ಳೂ ಜೊತೇಲೇ ಇಳಿದ್ರೆ ಸ್ಟೆಬಿಲೈಸರ್ ಮೇಲೆ ಅನುಮಾನ ಪಡಿ, ಅದು ಅಲ್ಲಾಡದೆ ನಿಂತಿದ್ರೆ ಸ್ಟೆಬಿಲೈಸರ್‌ನ ಬಿಟ್ಟು ಹಿಂದಕ್ಕೆ ಟ್ಯಾಂಕ್ ಕಡೆ ಹೋಗಿ. ಇನ್ನೊಂದು, ಇಗ್ನಿಷನ್ ಆನ್ ಮಾಡಿ ಗಾಡಿ ನಿಂತಲ್ಲೇ ಬ್ರೇಕ್ ಪೆಡಲ್ ಒತ್ತಿ ಹಿಡ್ಕೊಂಡು ಒಂದರ್ಧ ನಿಮಿಷ ಮುಳ್ಳನ್ನೇ ನೋಡ್ತಾ ಇರಿ. ಅಷ್ಟು ಹೊತ್ತು ಯಾಕಂದ್ರೆ ಈ ಗೇಜ್ ಒಳಗೆ ಎರಡು ಲೋಹ ಬೆಸೆದ ಪಟ್ಟಿ ಇರುತ್ತೆ, ಅದಕ್ಕೆ ಸುತ್ತಿರೋ ತಂತಿ ಬಿಸಿಯಾದಾಗ ಪಟ್ಟಿ ಬಾಗಿ ಮುಳ್ಳನ್ನ ತಳ್ಳುತ್ತೆ, ಹಾಗಾಗಿ ಏನೇ ಆದ್ರೂ ಮುಳ್ಳು ತಡವಾಗೇ ಹೇಳೋದು.

ಹಳೇಗಾಲಿ:
ನೋಡ್ದೆ. ಟೆಂಪರೇಚರ್ ಮುಳ್ಳು ಒಂದಿಷ್ಟೂ ಕದಲಲಿಲ್ಲ. ಬ್ರೇಕ್ ಒತ್ತಿ ಹಿಡಿದ್ರೆ ಪೆಟ್ರೋಲ್ ಮುಳ್ಳು ಮೆಲ್ಲಗೆ ಇಳಿಯೋಕೆ ಶುರುವಾಗುತ್ತೆ, ಬಿಟ್ರೆ ವಾಪಸ್ ಬರುತ್ತೆ!! ಹೆಡ್‌ಲೈಟ್ ಹಾಕಿದ್ರೂ ಸ್ವಲ್ಪ ಇಳಿಯುತ್ತೆ. ಬ್ರೇಕಿಗೂ ಪೆಟ್ರೋಲ್ ಗೇಜಿಗೂ ಏನು ಸಂಬಂಧ?

ತಂತಿಗಂಟು:
ಸಂಬಂಧ ಅರ್ಥಿಂಗ್‌ದು, ಅಂದ್ರೆ ಕರೆಂಟ್ ಗಾಡಿ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗೋ ದಾರಿದು. ಹಿಂದಿನ ಲೈಟುಗಳ ಅರ್ಥಿಂಗೂ ಸೆಂಡರ್ ಅರ್ಥಿಂಗೂ ಎಲ್ಲೋ ಒಂದೇ ಬೋಲ್ಟ್‌ನಲ್ಲಿ ಸೇರಿವೆ, ಆ ಜಾಗ ತುಕ್ಕು ಹಿಡಿದಿದೆ. ಬ್ರೇಕ್ ಲೈಟ್ ಎರಡು 21 ವ್ಯಾಟ್ ಬಲ್ಬು, ಮೂರೂವರೆ ಆಂಪಿಯರ್ ಆಸುಪಾಸು ಎಳೆಯುತ್ತೆ. ಆ ತುಕ್ಕಿನಲ್ಲಿ ಕರೆಂಟಿಗೆ ಬರೀ ಅರ್ಧ ಓಮ್ ತಡೆ ಇದ್ರೂ ಸಾಕು, ಹತ್ರ ಹತ್ರ ಎರಡು ವೋಲ್ಟ್ ಅಲ್ಲೇ ನಿಂತುಬಿಡುತ್ತೆ, ಅಷ್ಟರ ಮಟ್ಟಿಗೆ ಗೇಜ್‌ನಲ್ಲಿ ಹರಿಯೋ ಕರೆಂಟ್ ಕಮ್ಮಿಯಾಗಿ ಮುಳ್ಳು ಕೆಳಗೆ ಬರುತ್ತೆ. ಟೆಂಪರೇಚರ್ ಸೆಂಡರ್‌ಗೆ ಎಂಜಿನ್ ಬ್ಲಾಕೇ ಅರ್ಥಿಂಗ್, ಅದಕ್ಕೇ ಆ ಮುಳ್ಳಿಗೆ ಏನೂ ಆಗಿಲ್ಲ. ಕತ್ತಲಲ್ಲಿ ಗಾಡಿ ಹಿಂದೆ ಯಾರನ್ನಾದ್ರೂ ನಿಲ್ಲಿಸಿ ಬ್ರೇಕ್ ಒತ್ತಿ, ಲೈಟ್ ಮಂಕಾಗಿ ಉರಿಯೋದು ಕಾಣಬೇಕು.

ಒಂದು ವೈರ್ ತಗೊಂಡು ಮೊದಲು ಒಂದು ತುದಿನ ಸೆಂಡರ್ ಮೈಗೆ ಕಚ್ಚಿಸಿ, ಇನ್ನೊಂದು ತುದಿನ ದೂರ ತಂದು ಬಾಡಿಯಲ್ಲಿ ಬಣ್ಣ ಕೆರೆದು ಹೊಳೆಯೋ ಹಾಗೆ ಮಾಡಿರೋ ಜಾಗಕ್ಕೆ ಹಾಕಿ. ಈ ಕ್ರಮಾನೇ ಪಾಲಿಸಿ, ಇಗ್ನಿಷನ್ ಆಫ್ ಇರಲಿ, ಟ್ಯಾಂಕ್ ಹತ್ರ ಕಿಡಿ ಹಾರೋ ಯಾವ ಕೆಲಸಾನೂ ಬೇಡ. ಆಮೇಲೆ ಬ್ರೇಕ್ ಪರೀಕ್ಷೆ ಮತ್ತೆ ಮಾಡಿ.

ಮೀಟರ್‌ಮನೆ:
ಒಪ್ಪಿದೆ, ಎರಡೂ ಮುಳ್ಳು ಒಟ್ಟಿಗೆ ಆಡ್ತಿಲ್ಲ ಅಂದ್ಮೇಲೆ ಸ್ಟೆಬಿಲೈಸರ್ ಅಲ್ಲ. ಮುಂದೆ ಓದೋರಿಗೆ ಒಂದು ಮಾತು ಸೇರಿಸ್ತೀನಿ, ಹಳೇ ಸ್ಟೆಬಿಲೈಸರ್‌ಗೆ ಮಲ್ಟಿಮೀಟರ್ ಹಿಡಿದ್ರೆ 0 ಮತ್ತು 12ರ ಮಧ್ಯೆ ಕುಣಿಯುತ್ತೆ, ಅದನ್ನ ನೋಡಿ ಕೆಟ್ಟಿದೆ ಅಂದ್ಕೋಬೇಡಿ, ಅದು ಆನ್ ಆಫ್ ಆಗಿ ಆಗೀನೇ ಸರಾಸರಿ ಕೊಡೋದು. ಸುಮ್ನೆ ಒಂದೇ ಸಮ 12 ಬರ್ತಿದ್ರೇನೇ ತೊಂದರೆ, ಆಗ ಅದರ ಡಬ್ಬಿಯ ಅರ್ಥಿಂಗ್ ನೋಡಿ. ಅರ್ಥಿಂಗ್ ಹೋದ್ರೆ ಕಾಂಟ್ಯಾಕ್ಟ್ ತೆರೆಯೋದೇ ಇಲ್ಲ, ಎರಡೂ ಗೇಜ್ ಜಾಸ್ತಿ ತೋರಿಸುತ್ವೆ.

ಹಳೇಗಾಲಿ:
ವೈರ್ ಹಾಕ್ದೆ, ಈಗ ಬ್ರೇಕ್ ಎಷ್ಟು ಹೊತ್ತು ಒತ್ತಿದ್ರೂ ಮುಳ್ಳು ಕದಲ್ತಾ ಇಲ್ಲ. ತುಂಬಾ ಥ್ಯಾಂಕ್ಸ್. ಅರ್ಥಿಂಗ್ ಬೋಲ್ಟ್ ಬಿಚ್ಚಿ ನೋಡಿದ್ರೆ ವಾಷರ್ ಕೆಳಗೆ ಯಾವಾಗಲೋ ಗಾಡಿಗೆ ಪೇಂಟ್ ಹೊಡೆದಾಗ ಬಿದ್ದ ಬಣ್ಣ ದಪ್ಪಗೆ ಕೂತಿತ್ತು, ಅದರ ಸುತ್ತ ತುಕ್ಕು. ಕೆರೆದು ಕ್ಲೀನ್ ಮಾಡ್ದೆ. ಒಂದೇ ಒಂದು ಉಳಿದಿದೆ, ಪೆಟ್ರೋಲ್ ಸರಿಯಾಗಿ ಅರ್ಧಕ್ಕೆ ಬಂದಾಗ ಮುಳ್ಳು ಒಂದ್ಸಲ ಸೊನ್ನೆ ಕಡೆ ಜಾರಿ ಮತ್ತೆ ಏಳುತ್ತೆ, ಅರ್ಧ ದಾಟಿ ಇನ್ನೂ ಕಮ್ಮಿಯಾದ್ರೆ ಸರಿ ಇರುತ್ತೆ.

ಫ್ಲೋಟ್‌ಪ್ರಿಯ:
ಅದು ಮಾತ್ರ ಸೆಂಡರ್‌ದೇ. ಒಳಗೆ ಸಣ್ಣ ತಂತಿ ಸುತ್ತಿರೋ ಪಟ್ಟಿ ಮೇಲೆ ಫ್ಲೋಟ್ (ಪೆಟ್ರೋಲ್ ಮೇಲೆ ತೇಲೋ ಬುರುಡೆ) ಕಡ್ಡಿಯ ಕಾಂಟ್ಯಾಕ್ಟ್ ಉಜ್ಜಿಕೊಂಡು ಓಡಾಡುತ್ತೆ, ಆ ಒಂದು ಜಾಗದಲ್ಲಿ ಸವೆದಿರುತ್ತೆ ಇಲ್ಲಾ ಕೊಳೆ ಕೂತಿರುತ್ತೆ. ಬ್ಯಾಟರಿ ಬಿಚ್ಚಿಟ್ಟು, ಪೆಟ್ರೋಲ್ ಮಟ್ಟ ಸೆಂಡರ್ ತೂತಿಗಿಂತ ಕೆಳಗಿರೋ ಹಾಗೆ ನೋಡ್ಕೊಂಡು, ಬಯಲಲ್ಲೇ ಸೆಂಡರ್ ತೆಗೀರಿ. ಓಮ್ ಮೀಟರ್ ಹಾಕಿ ಫ್ಲೋಟ್ ಕಡ್ಡಿನ ತುಂಬಾ ನಿಧಾನಕ್ಕೆ ಕೆಳಗಿಂದ ಮೇಲಕ್ಕೆ ಎತ್ತಿ. ಈ ತರದ ಸ್ಮಿತ್ಸ್ ಸೆಂಡರ್‌ನಲ್ಲಿ ಖಾಲಿ ಕಡೆ ಸುಮಾರು 240 ಓಮ್, ತುಂಬಿದ ಕಡೆ 20-30 ಓಮ್ ಬರುತ್ತೆ, ಮಧ್ಯೆ ಎಲ್ಲೂ ಕಡಿಯಬಾರದು. ಮುಳ್ಳಿರೋ ಹಳೇ ಮಲ್ಟಿಮೀಟರ್ ಇದ್ರೆ ಅದನ್ನೇ ಬಳಸಿ, ಕಣ್ಣು ಮಿಟುಕಿಸೋವಷ್ಟರಲ್ಲಿ ಕಡಿದು ಸೇರಿದ್ರೂ ಅದರಲ್ಲಿ ಗೊತ್ತಾಗುತ್ತೆ, ಡಿಜಿಟಲ್‌ನಲ್ಲಿ ತಪ್ಪಿಹೋಗುತ್ತೆ.

ಕೊಳೆ ಆಗಿದ್ರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಬಟ್ಟೇಲಿ ಒರೆಸಿದ್ರೆ ಸಾಕು, ಮರಳು ಕಾಗದ ಹಾಕ್ಬೇಡಿ, ತಂತಿ ತಲೆಕೂದಲಿನಷ್ಟೇ ದಪ್ಪ. ತಂತಿ ತುಂಡಾಗಿದ್ರೆ ಹೊಸ ಸೆಂಡರ್ ಬೇಕೇ ಬೇಕು, ಆದ್ರೆ ಯೂನಿವರ್ಸಲ್ ಅಂತ ಮಾರೋದನ್ನ ಓಮ್ ನೋಡದೆ ತಗೋಬೇಡಿ. ಹಳೇ ಅಮೆರಿಕನ್ ಜಿಎಂ (ಜನರಲ್ ಮೋಟರ್ಸ್) ಗಾಡಿಗಳದ್ದು ಖಾಲಿಗೆ 0, ತುಂಬಿದ್ರೆ 90 ಓಮ್, ನಿಮ್ಮದಕ್ಕೆ ಪೂರ್ತಿ ಉಲ್ಟಾ. ಅಂಥದ್ದು ಹಾಕಿದ್ರೆ ಟ್ಯಾಂಕ್ ಖಾಲಿಯಾದಾಗ ಮುಳ್ಳು ಫುಲ್ ತೋರಿಸುತ್ತೆ. ವಾಪಸ್ ಕೂರಿಸೋವಾಗ ಸೀಲ್ ಹೊಸದೇ ಹಾಕಿ.