30 ಸೀಟಿನ ಹೋಟೆಲ್‌ಗೆ ಮೆನು ಕಾರ್ಡ್: ಏನು ಇಡಬೇಕು, ಏನು ತೆಗೀಬೇಕು?

ಪ್ರಶ್ನೆ: ಜಯನಗರದಲ್ಲಿ 30 ಸೀಟಿನ ಸಸ್ಯಾಹಾರಿ ಹೋಟೆಲ್. ಮೆನುವಿನಲ್ಲಿ 110 ಐಟಂ. ರಾತ್ರಿ ರಶ್‌ನಲ್ಲಿ ಆರ್ಡರ್ ತಡ ಆಗುತ್ತೆ, ಅಣಬೆ ಕೆಟ್ಟುಹೋಗುತ್ತೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಬಿಲ್ಲಿಂಗ್ ಮೆಷಿನ್‌ನಿಂದ ಮೂರು ತಿಂಗಳ ಐಟಂವಾರು ಮಾರಾಟ ತೆಗೀರಿ. ಪ್ರತಿ ಐಟಂಗೂ ಮಾರೋ ಬೆಲೆಯಿಂದ ಸಾಮಗ್ರಿ ಖರ್ಚು ಕಳೆದು, ಉಳಿಯೋದನ್ನ ರೂಪಾಯಿಯಲ್ಲೇ ಬರೀರಿ. ₹80ರ ದೋಸೆಗೆ ₹24 ಖರ್ಚಾದರೆ ಉಳಿಯೋದು ₹56. ₹220ರ ಪನೀರ್ ಮಸಾಲಾಗೆ ₹95 ಖರ್ಚಾದರೂ ₹125 ಉಳಿಯುತ್ತೆ. ಶೇಕಡಾವಾರು ಮಾತ್ರ ನೋಡಿದರೆ ದೋಸೆಯೇ ಮೇಲು ಅನ್ನಿಸಿ ಲೆಕ್ಕ ತಪ್ಪುತ್ತೆ.

ಆಮೇಲೆ ವಿಭಾಗವಾರು ಹೋಲಿಸಿ. ಒಂದು ವಿಭಾಗದಲ್ಲಿ 20 ಐಟಂ ಇದ್ದರೆ ಆ ವಿಭಾಗದ ಮಾರಾಟದಲ್ಲಿ ಒಂದೊಂದರ ಸರಾಸರಿ ಪಾಲು ಶೇ 5; ಅದರ ಶೇ 70, ಅಂದರೆ ಶೇ 3.5ಕ್ಕಿಂತ ಕಡಿಮೆ ಹೋಗಿ, ಲಾಭವೂ ಕಡಿಮೆ ಇದ್ದರೆ ತೆಗೆದುಬಿಡಿ. ಚೆನ್ನಾಗಿ ಓಡ್ತಾ ಲಾಭ ಕಡಿಮೆ ಇರೋದನ್ನ ಮಾತ್ರ ದಯವಿಟ್ಟು ತೆಗೀಬೇಡಿ, ಜನ ಬರೋದೇ ಅದಕ್ಕೆ. ₹5 ಏರಿಸಿ ನೋಡಿ.

ಉತ್ತರ 2: ಒಂದೊಂದು ಸಾಮಗ್ರಿ ಎಷ್ಟು ಐಟಂಗೆ ಬಳಕೆಯಾಗುತ್ತೆ ಅನ್ನೋದನ್ನೂ ನೋಡಿ. ಅಣಬೆ ಒಂದೆರಡು ಐಟಂಗೆ ಮಾತ್ರ ಬೇಕಾದರೆ ಆ ಐಟಂಗಳನ್ನೇ ಬಿಡಿ. ತಡ ಆಗೋಕೆ ಮುಖ್ಯ ಕಾರಣ ಸಾಮಾನ್ಯವಾಗಿ ಒಂದೇ ಕಾವಲಿ ಮೇಲೆ ಬೀಳೋ ಆರ್ಡರ್‌ಗಳು. ರಾತ್ರಿ ಮೆನುವಿನಲ್ಲಿ ದೋಸೆ ಬಗೆಗಳನ್ನ ನಾಲ್ಕೈದಕ್ಕೆ ಇಳಿಸಿ.

ಉತ್ತರ 3: ಬೆಲೆಗಳನ್ನ ಬಲಗಡೆ ಸಾಲಾಗಿ, ಚುಕ್ಕಿ ಎಳೆದು ಹಾಕಬೇಡಿ, ಕಣ್ಣು ನೇರ ಅಗ್ಗದ್ದಕ್ಕೆ ಹೋಗುತ್ತೆ. ವಿವರಣೆ ಮುಗಿದ ಕಡೆ, ಅದೇ ಗಾತ್ರದಲ್ಲಿ ಬರೀರಿ. ಕನ್ನಡ ಅಕ್ಷರ 12 ಪಾಯಿಂಟ್ ಇರಲಿ, ಸಾಲುಗಳ ಅಂತರ ಇಂಗ್ಲಿಷಿಗಿಂತ ಜಾಸ್ತಿ ಕೊಡಿ, ಇಲ್ಲದಿದ್ದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತೆ. ಹೊಳೆಯೋ ಲ್ಯಾಮಿನೇಷನ್ ಬೇಡ, ಟ್ಯೂಬ್‌ಲೈಟ್ ಕೆಳಗೆ ಓದಕ್ಕಾಗಲ್ಲ. ಬೆಲೆಯಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಕಾರ್ಡ್‌ನಲ್ಲೇ ಹಾಕಿ.